ಹಳೇ ಸಣ್ಣ ಕಾರಿನ ಮುಂದಿನ ಗಾಲಿ ಬೇರಿಂಗ್ ಬದಲಿ ಮಾಡೋದು ಹ್ಯಾಂಗ

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗೋವಾಗ ನನ್ನ ಗಾಡಿ 50 ದಾಟಿದ್ರ ಗುಂಯ್ ಅಂತಿತ್ತು, ಬಲಕ್ಕ ತಿರುವಿದ್ರ ಸಪ್ಪಳ ಜಾಸ್ತಿ, ಆಗ ಭಾರ ಎಡಕ್ಕ ಬೀಳ್ತದ ನೋಡ್ರಿ, ಅಂದ್ರ ಎಡಗಾಲಿ ಬೇರಿಂಗೇ (ಗಾಲಿ ಸಲೀಸಾಗಿ ತಿರುಗಸೋ, ಎರಡು ರಿಂಗ್ ನಡುವ ಗುಂಡು ಇರೋ ಭಾಗ) ಹೋಗ್ಯದ. ಗಾಲಿ ನೆಲದ ಮ್ಯಾಲಿದ್ದಾಗನೇ ಡ್ರೈವ್ ಶಾಫ್ಟ್ (ಎಂಜಿನ್ ಶಕ್ತಿ ಗಾಲಿಗೆ ಒಯ್ಯೋ ರಾಡ್) ನಟ್ ಸಡಲ ಮಾಡ್ರಿ, ಆಮ್ಯಾಲ ಜಾಕ್ ಹಚ್ಚಿ ಸ್ಟ್ಯಾಂಡ್ ಇಡ್ರಿ, ಬರೀ ಜಾಕ್ ನಂಬಬ್ಯಾಡ್ರಿ. ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ಬಿಚ್ಚಿ ತಂತಿಲೆ ಕಟ್ರಿ, ಬ್ರೇಕ್ ಪೈಪಿಗೆ ಜೋತಾಡಬಾರದು. ನಕಲ್ (ಬೇರಿಂಗ್ ಕೂಡೋ ಲೋಹದ ಭಾಗ) ಬಿಚ್ಚಿ ಪ್ರೆಸ್ (ಬೇರಿಂಗ್ ಒತ್ತಿ ತೆಗಿಯೋ, ಕೂಡ್ಸೋ ಯಂತ್ರ) ಇರೋ ಅಂಗಡಿಗೆ ಒಯ್ರಿ, ಸುತ್ತಿಗಿ ಬ್ಯಾಡ. ಹೊಸಾದು ನಕಲ್‌ನಾಗ ಕೂಡ್ಸೋವಾಗ ಹೊರಗಿನ ರಿಂಗ್ ಮ್ಯಾಲಷ್ಟೇ ಒತ್ತಬೇಕು, ಒಳಗಿಂದು ಒತ್ತಿದ್ರ ಗುಂಡಿನ ಗುರುತು ಬಿದ್ದು ಲಗೂನೇ ಕೆಡ್ತದ. ನನ್ನ ಹಳೇದ್ರಾಗ ಗ್ರೀಸ್ ತುಕ್ಕು ಕೂಡಿ ಕೆಂಪಗಾಗಿತ್ತು, ಸೀಲ್ ಹರದಿತ್ತು, ಅದಕ್ಕ ಸೀಲೂ ಹೊಸಾದೇ ಹಾಕ್ರಿ. ಕಡೀಕ ನಟ್ ಹೊಸಾದು ಹಾಕಿ ಟಾರ್ಕ್ ರೆಂಚಿಲೆ (ಎಷ್ಟು ಬಿಗಿ ಆತು ಅಂತ ಅಳಿಯೋ ಪಾನಾ), ಮ್ಯಾನುಯಲ್‌ನಾಗ ಬರದಷ್ಟೇ ಬಿಗಿ ಮಾಡ್ರಿ.