ತೂಕ ಇಳಿಸಬೇಕೆಂದರೆ ಮೊದಲು ಟೇಪು, ಆಮೇಲೆ ಎಣ್ಣೆಯ ಅಳತೆ

ತೂಕ ಜಾಸ್ತಿಯಾಗಿದೆ ಅನ್ನಿಸಿದ ಕೂಡಲೇ ಒಂದು ಹೊತ್ತಿನ ಊಟ ಬಿಟ್ಟುಬಿಡುವವರೇ ಹೆಚ್ಚು. ಅದಕ್ಕೆ ಅವಸರ ಬೇಡ. ಕೊಬ್ಬು ಎಷ್ಟಿದೆ, ಎಲ್ಲಿ ಕೂತಿದೆ ಎಂದು ಮೊದಲು ಅಳೆದು ನೋಡಿ. ಬಟ್ಟೆ ಹೊಲಿಯುವವರ ಟೇಪು ಒಂದಿದ್ದರೆ ಸಾಕು. ನೇರವಾಗಿ ನಿಂತು, ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನು ಬೆರಳಿನಿಂದ ಒತ್ತಿ ಗುರುತಿಸಿಕೊಳ್ಳಿ. ಹಾಗೆಯೇ ಸೊಂಟದ ಮೂಳೆಯ ಮೇಲ್ತುದಿಯನ್ನು. ಇವೆರಡರ ನಟ್ಟನಡುವೆ, ಬರಿಮೈ ಮೇಲೆ ಟೇಪು ಸುತ್ತಬೇಕು. ಟೇಪು ಚರ್ಮಕ್ಕೆ ತಾಗಿರಲಿ, ಒತ್ತದಿರಲಿ. ಬೆನ್ನಿನ ಕಡೆ ಅದು ಜಾರಿ ಕೆಳಗಿಳಿಯುವುದು ಸಾಮಾನ್ಯ, ಕನ್ನಡಿಯಲ್ಲಿ ನೋಡಿಕೊಳ್ಳಿ. ಉಸಿರನ್ನು ಸಹಜವಾಗಿ ಹೊರಬಿಟ್ಟ ಹೊತ್ತಿಗೆ ಅಂಕಿ ಓದಿ. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ. ಪ್ಯಾಂಟಿನ ಸೊಂಟದ ಅಳತೆಯನ್ನಂತೂ ನಂಬಲೇಬೇಡಿ, ಹೊಟ್ಟೆ ಬಂದವರು ಅದನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡಿರುತ್ತಾರೆ.

ಈ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 80ರೊಳಗೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಎಂದು ವೈದ್ಯರು ಹೇಳುತ್ತಾರೆ. ತೊಡೆ, ಪೃಷ್ಠದಲ್ಲಿ ಚರ್ಮದಡಿ ಇರುವ ಕೊಬ್ಬಿನಿಂದ ಅಷ್ಟು ತೊಂದರೆಯಿಲ್ಲ. ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಕೂತ ಕೊಬ್ಬೇ ಇನ್ಸುಲಿನ್‌ ಕೆಲಸಕ್ಕೆ ಅಡ್ಡಿಯಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ದಾರಿ ಮಾಡುವುದು.

ಇನ್ನು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಲೆಕ್ಕ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ಕಿಲೋ ತೂಕವನ್ನು ಭಾಗಿಸಿ. 72 ಕಿಲೋ, 1.6 ಮೀಟರ್ ಇದ್ದರೆ 2.56ರಿಂದ ಭಾಗಿಸಬೇಕು, 28 ಬರುತ್ತದೆ. 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಏಷ್ಯಾ ಮೂಲದವರಿಗೆ ಅಪಾಯ 23ರಿಂದಲೇ ಏರತೊಡಗುತ್ತದೆ. ಈ ಲೆಕ್ಕಕ್ಕೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಎರಡರಲ್ಲಿ ಟೇಪಿನ ಮಾತಿಗೇ ಹೆಚ್ಚು ಬೆಲೆ ಕೊಡಿ.

ಮನೆಯಲ್ಲಿ ದಪ್ಪ ಇರುವವರನ್ನು ಹಂಗಿಸುವುದನ್ನು ಇವತ್ತೇ ನಿಲ್ಲಿಸಿ. ಬೊಜ್ಜು ಬರುವುದು ಸೋಮಾರಿತನದಿಂದ ಅಲ್ಲ. ಅನುವಂಶೀಯತೆ, ನಿದ್ದೆಗೇಡು, ಮನಸ್ಸಿನ ಒತ್ತಡ, ಕೆಲವು ಔಷಧಿಗಳು, ಕೂತೇ ಮಾಡುವ ಕೆಲಸ, ಎಲ್ಲ ಸೇರಿಯೇ ಅದು ಬರುತ್ತದೆ. ತೂಕ ಇಳಿಸಹೊರಟಾಗ ದೇಹವೂ ಸುಮ್ಮನಿರುವುದಿಲ್ಲ. ಹಸಿವು ಹುಟ್ಟಿಸುವ ಹಾರ್ಮೋನನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ಹಂಗಿಸಿಕೊಂಡವರು ಎಲ್ಲರೆದುರು ಕಡಿಮೆ ತಿಂದು, ಆಮೇಲೆ ಒಬ್ಬರೇ ಇದ್ದಾಗ ಹೆಚ್ಚು ತಿನ್ನುತ್ತಾರೆ. ಅಡುಗೆ ಬದಲಾಯಿಸುವುದಿದ್ದರೆ ಮನೆಮಂದಿಗೆಲ್ಲ ಬದಲಾಯಿಸಿ, ಒಬ್ಬರ ತಟ್ಟೆಯನ್ನು ಮಾತ್ರ ಬೇರೆ ಮಾಡಬೇಡಿ.

ಮೊದಲ ಗುರಿ ಚಿಕ್ಕದಿರಲಿ. ಈಗಿನ ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು ಮೂರೂ ಸುಧಾರಿಸುತ್ತವೆ. 72 ಕಿಲೋದವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ವಾರಕ್ಕೆ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು. ಅದಕ್ಕೆ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಾಗಬೇಕು, ಅದನ್ನು ಹಸಿದುಕೊಳ್ಳದೆ ತೆಗೆಯಬೇಕು. ಅಲ್ಲಿಯೇ ಅಡುಗೆಮನೆಯ ಜಾಣತನ ಬೇಕಾಗುವುದು.

ಎಣ್ಣೆಯಿಂದ ಶುರುಮಾಡಿ. ಒಂದು ಗ್ರಾಂ ಪಿಷ್ಟಕ್ಕೂ ಪ್ರೋಟೀನಿಗೂ ನಾಲ್ಕು ಕ್ಯಾಲರಿ, ಕೊಬ್ಬಿಗೆ ಒಂಬತ್ತು. ಹದಿನೈದು ಮಿಲಿಲೀಟರಿನ ದೊಡ್ಡ ಚಮಚದ ಎಣ್ಣೆ ಎಂದರೆ 120 ಕ್ಯಾಲರಿ. ಒಳ್ಳೆಯ ಎಣ್ಣೆ, ಕೆಟ್ಟ ಎಣ್ಣೆ ಎಂಬ ಭೇದ ಈ ಲೆಕ್ಕದಲ್ಲಿ ಇಲ್ಲ. ಹೊಸ ಎಣ್ಣೆ ಡಬ್ಬಿ ತೆರೆದ ದಿನ ಅದರ ಮೇಲೆ ತಾರೀಖು ಬರೆದಿಡಿ, ಮುಗಿದ ದಿನವನ್ನೂ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಹೋಗುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, ಮೂರು ಲೀಟರಿಗೆ ಇಳಿದರೆ 23 ಗ್ರಾಂ. ಉಳಿದಿದ್ದು ಒಬ್ಬೊಬ್ಬರಿಗೂ ದಿನಕ್ಕೆ 135 ಕ್ಯಾಲರಿ, ಯಾರ ಹೊಟ್ಟೆಗೂ ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಡಬ್ಬಿಯಿಂದ ಬಾಣಲೆಗೆ ನೇರ ಸುರಿಯುವ ಅಭ್ಯಾಸ ಬಿಟ್ಟು ಚಮಚದಲ್ಲಿ ಅಳೆದು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಈರುಳ್ಳಿ ತಳ ಹಿಡಿಯುತ್ತದೆ ಎಂದು ಮತ್ತೆ ಎಣ್ಣೆ ಹುಯ್ಯುವ ಬದಲು ಎರಡು ಚಮಚ ನೀರು ಚಿಮುಕಿಸಿ, ಉರಿ ತಗ್ಗಿಸಿ, ಮುಚ್ಚಿ ಬೇಯಿಸಿ.

ಆಮೇಲೆ ಕುಡಿಯುವ ಸಕ್ಕರೆ. ಅಗಿದು ತಿಂದಷ್ಟು ತೃಪ್ತಿ ಕುಡಿದದ್ದರಿಂದ ಸಿಗುವುದಿಲ್ಲ, ಆದ್ದರಿಂದ ಮುಂದಿನ ಊಟ ಕಡಿಮೆಯಾಗುವುದೂ ಇಲ್ಲ. ಮೂರು ಲೋಟ ಚಹಾ ಕಾಫಿಗೆ ಎರಡೆರಡು ಚಮಚ ಸಕ್ಕರೆ ಬಿದ್ದರೆ ನೂರು ಕ್ಯಾಲರಿ ಮೀರುತ್ತದೆ. ಒಂದೇ ಸಲ ಬಿಡಲು ಹೋದವರು ವಾರದೊಳಗೆ ಹಳೆಯ ರುಚಿಗೇ ವಾಪಸಾಗುತ್ತಾರೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಬೆಲ್ಲ, ಜೇನು ಹಾಕಿದರೆ ಪರವಾಗಿಲ್ಲ ಎಂದುಕೊಳ್ಳಬೇಡಿ, ಅವೂ ಸಕ್ಕರೆಯೇ. ಹಣ್ಣನ್ನು ರಸ ಮಾಡದೆ ಹಾಗೆಯೇ ತಿನ್ನಿ. ಹಿಂಡಿ ಸೋಸಿದರೆ ಹೊಟ್ಟೆ ತುಂಬಿಸುವ ನಾರು ಹೊರಗೆ ಹೋಗುತ್ತದೆ.

ತಟ್ಟೆಯ ಅರ್ಧ ತರಕಾರಿ ಇರಲಿ, ಕಾಲು ಭಾಗ ಧಾನ್ಯ, ಉಳಿದ ಕಾಲು ಬೇಳೆಕಾಳು, ಮೊಟ್ಟೆ, ಮೀನು, ಮೊಸರಿನಂಥದ್ದು. ಗೆಡ್ಡೆಗಳನ್ನು ಧಾನ್ಯದ ಲೆಕ್ಕಕ್ಕೆ ಸೇರಿಸಿ. ಮೂತ್ರಪಿಂಡ ಸರಿಯಿರುವವರು ದೇಹದ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪ್ರೋಟೀನ್ ಎಂದು ಇಟ್ಟುಕೊಳ್ಳಬಹುದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ನೂರು ಗ್ರಾಂ ಬೇಳೆಯಲ್ಲಿ ಸುಮಾರು 9 ಗ್ರಾಂ ಸಿಗುತ್ತದೆ. ನೀರಾದ ಬೇಳೆ ಕಟ್ಟನ್ನು ಒಂದು ಸೌಟು ಬಡಿಸಿಕೊಂಡು ಬೇಳೆ ತಿಂದೆವು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಗಟ್ಟಿ ಬೇಳೆ ತಟ್ಟೆಗೆ ಬೀಳಬೇಕು. ಪ್ರೋಟೀನ್ ಸಾಲದೆ ತೂಕ ಇಳಿದರೆ ಕೊಬ್ಬಿನ ಜತೆ ಮಾಂಸಖಂಡವೂ ಕರಗುತ್ತದೆ. ತರಕಾರಿ, ಬೇಳೆಯನ್ನು ಮೊದಲು ತಿಂದು ಧಾನ್ಯಕ್ಕೆ ಆಮೇಲೆ ಕೈ ಹಾಕಿ, ನಿಧಾನವಾಗಿ ಅಗಿಯಿರಿ. ಹೊಟ್ಟೆ ತುಂಬಿತು ಎನ್ನುವ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷದಷ್ಟು ಹಿಡಿಯುತ್ತದೆ.

ಹೀಗೆ ಎರಡು ದೊಡ್ಡ ಚಮಚ ಎಣ್ಣೆ, ಆರು ಚಿಕ್ಕ ಚಮಚ ಸಕ್ಕರೆ, ನೂರು ಗ್ರಾಂ ಚಿಲ್ಲರೆ ಬೆಂದ ಧಾನ್ಯ ತಗ್ಗಿದರೆ 500 ಕ್ಯಾಲರಿಯ ಹತ್ತಿರ ಬರುತ್ತೀರಿ. ಇದಕ್ಕಾಗಿ ಯಾವ ಪುಡಿಯೂ ಬೇಡ, ಕಷಾಯವೂ ಬೇಡ.

ನಡಿಗೆಯಿಂದ ತೂಕ ಇಳಿಯುವುದು ಕಡಿಮೆ. ಅರ್ಧ ಗಂಟೆಯ ಬಿರುಸು ನಡಿಗೆ ಸುಮಾರು 120ರಿಂದ 150 ಕ್ಯಾಲರಿ ಕರಗಿಸುತ್ತದೆ, ಒಂದು ಹಿಡಿ ಕರಿದ ತಿಂಡಿ ಅದನ್ನು ವಾಪಸು ತಂದುಕೊಡುತ್ತದೆ. ಆದರೂ ಬಿಡಬೇಡಿ. ಇಳಿದ ತೂಕ ಮತ್ತೆ ಏರದಂತೆ ತಡೆಯುವುದು, ಹೊಟ್ಟೆಯೊಳಗಿನ ಕೊಬ್ಬು ತಗ್ಗಿಸುವುದು ಇದೇ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಆಗಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮಂಡಿ ನೋವಿರುವವರು ಹತ್ತತ್ತು ನಿಮಿಷದಂತೆ ಮೂರು ಸಲ ಮಾಡಿ. ವಾರದಲ್ಲಿ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಿ: ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಮೈಯನ್ನು ಹಿಂದೆ ಮುಂದೆ ತಳ್ಳುವುದು. ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯ ಕೊಬ್ಬಷ್ಟೇ ಕರಗುತ್ತದೆ ಎಂಬುದು ಸುಳ್ಳು. ಬೆವರಿಳಿಸುವ ಬೆಲ್ಟಿನಿಂದ ಹೋಗುವುದು ನೀರು ಮಾತ್ರ. ನಿದ್ದೆ ಏಳು ಗಂಟೆಯಾದರೂ ಇರಲಿ, ನಿದ್ದೆ ಕೆಟ್ಟ ಮರುದಿನ ಸಿಹಿ, ಕರಿದದ್ದು ಬೇಕೆನಿಸುತ್ತದೆ.

ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲಿಡಿ, ಜಮಖಾನೆಯ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿಕೊಳ್ಳಿ. ಒಂದೆರಡು ಕಿಲೋ ಏರಿಳಿತ ದಿನದಿನಕ್ಕೂ ಇರುತ್ತದೆ. ಉಪ್ಪು ಹೆಚ್ಚು ತಿಂದ ಮರುದಿನ, ಮುಟ್ಟಿನ ಮೊದಲಿನ ದಿನಗಳಲ್ಲಿ ನೀರು ನಿಂತು ಏರುತ್ತದೆ. ಮೊದಲ ವಾರ ಸರ್ರನೆ ಇಳಿದದ್ದರಲ್ಲೂ ಬಹುಪಾಲು ನೀರೇ. ಎರಡನೇ ವಾರ ನಿಧಾನವಾಯಿತೆಂದು ಎದೆಗುಂದಿ ಬಿಟ್ಟುಬಿಡುವವರು ಬಹಳ, ನಿಜವಾದ ಕೊಬ್ಬು ಕರಗುವುದು ಆಗಲೇ. ಮೂರು ವಾರ ತೂಕವೂ ಸುತ್ತಳತೆಯೂ ಅಲ್ಲಾಡದಿದ್ದರೆ ಊಟ ಕಡಿತ ಮಾಡುವ ಮೊದಲು ಎಣ್ಣೆ ಡಬ್ಬಿಯ ತಾರೀಖು ನೋಡಿ. ಕೈ ಅಳತೆ ಸಡಿಲವಾಗಿರುವುದೇ ಹೆಚ್ಚು.

ಅವಸರಪಟ್ಟು ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ, ಎರಡು ಮೂರು ತಿಂಗಳ ಮೇಲೆ ಕೂದಲೂ ಉದುರಬಹುದು. ದಿನಕ್ಕೆ 800 ಕ್ಯಾಲರಿಗಿಂತ ಕೆಳಗಿನ ಪಥ್ಯ ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ದಿಢೀರ್ ಕುಸಿಯಬಹುದು. ಬಸುರಿಯರು ತೂಕ ಇಳಿಸಲು ಹೋಗಬಾರದು. ಮಕ್ಕಳಿಗೆ ಪಥ್ಯ ಹಾಕಬೇಡಿ. ಸಿಹಿ ಪಾನೀಯ ನಿಲ್ಲಿಸಿ, ಆಟ ಹೆಚ್ಚಿಸಿ, ಬಹಳಷ್ಟು ಮಕ್ಕಳಲ್ಲಿ ತೂಕ ಏರದಂತೆ ನೋಡಿಕೊಂಡರೆ ಎತ್ತರ ಬೆಳೆದು ಸರಿಹೋಗುತ್ತದೆ.

ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ, ಮುಟ್ಟು ತಪ್ಪಿ ಮುಖದಲ್ಲಿ ಕೂದಲು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಕೆಲವೇ ದಿನದಲ್ಲಿ ತೂಕ ಏರಿ ಕಾಲು ಬಾವು, ಏದುಸಿರು, ಇವು ಅಡುಗೆಮನೆಯಲ್ಲಿ ಸರಿಯಾಗುವಂಥವಲ್ಲ, ಪರೀಕ್ಷೆ ಮಾಡಿಸಿ. ಅದರಲ್ಲೂ ಬಾವು, ಏದುಸಿರಿದ್ದರೆ ಅದೇ ದಿನ ಹೋಗಿ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೂ ಖುಷಿಪಡದೆ ತೋರಿಸಿ. ಸ್ಟೀರಾಯ್ಡ್, ಮನೋರೋಗದ ಕೆಲವು ಮಾತ್ರೆ, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ತೂಕ ಏರಿಸುತ್ತವೆ; ಹಾಗೆಂದು ನೀವಾಗಿಯೇ ನಿಲ್ಲಿಸಿದರೆ ಅಪಾಯ, ಬೇರೆ ಮದ್ದು ಇದೆಯೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಈಗ ಬಂದಿರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೂಕ ಇಳಿಸುವುದು ನಿಜ, ನಿಲ್ಲಿಸಿದ ಮೇಲೆ ಬಹುಪಾಲು ತೂಕ ಮರಳಿ ಬರುವುದೂ ನಿಜ. ಅದನ್ನು ತೆಗೆದುಕೊಳ್ಳುವವರಿಗೆ ಹಸಿವು ಬಹಳ ಕಡಿಮೆಯಾಗುವುದರಿಂದ ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಮೊಸರನ್ನು ಮೊದಲು ತಿನ್ನುವಂತೆ ಮನೆಯವರು ನೋಡಿಕೊಳ್ಳಬೇಕು.