ಕೊಡಗಿನಲ್ಲಿ ಕಾಲೇಜು, ತೋಟ ಮತ್ತು ಸರ್ಕಾರವನ್ನು ಒಂದು ಕೆಲಸಕ್ಕೆ ಕೂಡಿಸುವ ಬಗೆ

ಕೊಡಗಿನಲ್ಲಿ ಶಿಕ್ಷಣ ಸಂಸ್ಥೆ, ಉದ್ಯಮ ಮತ್ತು ಸರ್ಕಾರದ ಸಹಭಾಗಿತ್ವವನ್ನು ಕಟ್ಟಲು ಹೊರಟವರು ಒಡಂಬಡಿಕೆಯ ಕರಡನ್ನು ಸ್ವಲ್ಪ ಕಾಲ ಬದಿಗಿಟ್ಟು, ಮೂವರನ್ನೂ ಕಾಡುತ್ತಿರುವ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ‘ಕಾಫಿ ಕ್ಷೇತ್ರದ ಅಭಿವೃದ್ಧಿ’ ಎಂದು ಬರೆದರೆ ಯಾರಿಗೂ ಕೆಲಸ ಹಂಚಲಾಗದು. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಕೆಲಸ) ಮಾಡಿದ ನೀರನ್ನು ಸಣ್ಣ ಬೆಳೆಗಾರರು ಕೈಗೆಟಕುವ ಖರ್ಚಿನಲ್ಲಿ ಹೇಗೆ ಶುದ್ಧಗೊಳಿಸಬಹುದು ಎಂದು ಕೇಳಿಕೊಂಡರೆ ಕೆಲಸದ ದಾರಿ ಕಾಣತೊಡಗುತ್ತದೆ.

ಈ ಪ್ರಶ್ನೆಯನ್ನೇ ಹಿಡಿದು ನೋಡೋಣ. ಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆದಾಗ ಹೊರಬರುವ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಎಂಬ ಅಂಟು ಪದಾರ್ಥ ತುಂಬಿರುತ್ತವೆ. ಅದು ಬೇಗನೆ ಹುಳಿಯಾಗುತ್ತದೆ, ಹಾಗೆಯೇ ತೋಡಿಗೆ ಬಿಟ್ಟರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಜಲಚರಗಳಿಗೆ ಉಸಿರಿಲ್ಲದಂತೆ ಮಾಡುತ್ತವೆ. ಇಲ್ಲಿನ ಅನೇಕ ತೋಡುಗಳು ಕೊನೆಗೆ ಕಾವೇರಿಯನ್ನೇ ಸೇರುವುದರಿಂದ ಇದು ಬೆಳೆಗಾರನೊಬ್ಬನ ತಲೆನೋವಾಗಿ ಉಳಿಯುವುದಿಲ್ಲ. ಸಿಪ್ಪೆ ತೆಗೆಯುವ ಯಂತ್ರವಾದ ಪಲ್ಪರ್ ನಡೆಸುವವರು, ನೀರನ್ನು ಪರೀಕ್ಷಿಸಬಲ್ಲ ಪ್ರಯೋಗಾಲಯ, ನಿಯಮ ಜಾರಿಗೊಳಿಸುವ ಮಾಲಿನ್ಯ ನಿಯಂತ್ರಣ ಮಂಡಳಿ ಈ ಮೂವರೂ ಆರಂಭದಿಂದಲೇ ಒಂದೇ ಮೇಜಿನ ಸುತ್ತ ಕುಳಿತಿರಬೇಕು.

ಅನಂತರ ಜಿಲ್ಲೆಯಲ್ಲಿಯೇ ಇರುವ ಜ್ಞಾನವನ್ನು ಲೆಕ್ಕ ಹಾಕಿರಿ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ. ಅಪ್ಪಂಗಳದಲ್ಲಿ ಏಲಕ್ಕಿಯ ಸಂಶೋಧನೆ ನಡೆಯುತ್ತದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇವೆ. ಎಲ್ಲರನ್ನೂ ಕರೆಯುವ ಉತ್ಸಾಹ ಬೇಡ. ನೀರಿನ ಪ್ರಶ್ನೆಗೆ ಒಬ್ಬ ರಸಾಯನ ವಿಜ್ಞಾನಿ, ಒಬ್ಬ ಎಂಜಿನಿಯರ್ ಮತ್ತು ಕೊಯ್ಲಿನ ದಿನಗಳಲ್ಲಿ ತೋಟದಲ್ಲಿಯೇ ಇರಬಲ್ಲ ಇಬ್ಬರು ವಿದ್ಯಾರ್ಥಿಗಳು ಸಾಕು.

ನನ್ನ ಅಭಿಪ್ರಾಯದಲ್ಲಿ ಇಂಥ ಕೆಲಸಗಳಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಹಣವಲ್ಲ, ಕಾಲ. ಅರೇಬಿಕಾ ತಳಿಯ ಕಾಫಿಯ ಕೊಯ್ಲು ನವೆಂಬರ್ ಸುಮಾರಿಗೆ ಆರಂಭವಾಗಿ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ; ಕಾಲೇಜಿನಲ್ಲಿ ಪರೀಕ್ಷೆಯೋ ರಜೆಯೋ ಅದೇ ದಿನಗಳಿಗೆ ಬಿದ್ದರೆ, ಅನುದಾನದ ಪತ್ರ ಜನವರಿಯಲ್ಲಿ ಕೈಸೇರಿದರೆ, ಪ್ರಯೋಗಕ್ಕೆ ಬೇಕಾದ ನೀರೇ ಇರುವುದಿಲ್ಲ ಮತ್ತು ಒಂದು ವರ್ಷ ಸುಮ್ಮನೆ ಕಳೆದುಹೋಗುತ್ತದೆ. ಆದ್ದರಿಂದ ಮಳೆಗಾಲದಲ್ಲಿಯೇ ಮಾತುಕತೆ ಮುಗಿಸಿ, ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬ ಕಳೆಯುತ್ತಿದ್ದಂತೆ ತೊಟ್ಟಿ, ಪಂಪು ಮತ್ತು ಮಾಪಕಗಳನ್ನು ತೋಟದಲ್ಲಿ ಕೂರಿಸಿ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಮಾದರಿ ಸಂಗ್ರಹ ನಡೆಯುತ್ತಿರುವಂತೆ ದಿನಗಳನ್ನು ಹಿಂದಿನಿಂದ ಎಣಿಸಿಕೊಂಡು ಬರಬೇಕು.

ಒಡಂಬಡಿಕೆಯನ್ನು ಈಗ ಬರೆಯಿರಿ. ಎರಡು ಪುಟ ಸಾಕು. ತೋಟದಲ್ಲಿ ಸಂಗ್ರಹಿಸಿದ ಅಂಕಿಅಂಶ ಯಾರದು, ಫಲಿತಾಂಶವನ್ನು ಯಾವಾಗ ಪ್ರಕಟಿಸಬಹುದು, ಹೊಸ ಸಾಧನ ಸಿದ್ಧವಾದರೆ ಅದನ್ನು ತಯಾರಿಸುವ ಹಕ್ಕು ಯಾರಿಗೆ, ಪ್ರಯೋಗದಿಂದ ಬೆಳೆಗೆ ನಷ್ಟವಾದರೆ ಭರಿಸುವವರು ಯಾರು ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಪೇಟೆಂಟ್ ಅರ್ಜಿ ಸಲ್ಲಿಸುವ ಮೊದಲೇ ವಿದ್ಯಾರ್ಥಿಯ ಪ್ರಬಂಧ ಪ್ರಕಟವಾದರೆ ಹೊಸತನದ ಹಕ್ಕು ಸಾಮಾನ್ಯವಾಗಿ ಕೈತಪ್ಪುತ್ತದೆ. ವಿದ್ಯಾರ್ಥಿಯ ಪದವಿಯನ್ನು ವರ್ಷಗಟ್ಟಲೆ ತಡೆಹಿಡಿಯುವುದೂ ಅನ್ಯಾಯ. ಆದ್ದರಿಂದ ಪ್ರಕಟಣೆಯನ್ನು ಎಷ್ಟು ತಿಂಗಳು ಕಾಯಿಸಬಹುದು ಎಂಬ ಮಿತಿ ಬರಹದಲ್ಲಿರಲಿ.

ಹಣದ ವಿಚಾರವನ್ನು ಚಿಕ್ಕದಾಗಿ ಹೇಳಬಹುದು. ಪ್ರಯೋಗದ ವೆಚ್ಚವನ್ನು ಸಂಶೋಧನಾ ಅನುದಾನದಿಂದಾಗಲಿ, 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ತೆಗೆದಿಡಬೇಕಾದ ಹಣದಿಂದಾಗಲಿ ಕೇಳಬಹುದು. ಮುಂದೆ ಆಹಾರ ಸಂಸ್ಕರಣೆಯ ಕಿರು ಉದ್ದಿಮೆ ಆರಂಭಿಸುವವರಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವೂ ಬ್ಯಾಂಕುಗಳೂ ದಾರಿ ತೋರಿಸುತ್ತವೆ. ಆದರೆ ಮೂರು ಸಂಸ್ಥೆಗಳ ನಡುವೆ ಓಡಾಡಿ ದಿನಾಂಕ, ವಾಹನ, ಮಾದರಿಗಳ ಲೆಕ್ಕ ನೋಡಿಕೊಳ್ಳುವ ಒಬ್ಬ ಸಂಯೋಜಕರ ಸಂಬಳವನ್ನು ಆಯವ್ಯಯದ ಮೊದಲ ಸಾಲಿನಲ್ಲಿಯೇ ಸೇರಿಸಿರಿ. ಈ ಕೆಲಸವನ್ನು ಪ್ರಾಧ್ಯಾಪಕರ ಬಿಡುವಿನ ವೇಳೆಗೆ ಬಿಟ್ಟರೆ ಅದು ನಡೆಯುವುದಿಲ್ಲ.

ಪ್ರಯೋಗಕ್ಕೆ ದೊಡ್ಡ ಎಸ್ಟೇಟನ್ನು ಮಾತ್ರ ಆರಿಸಬೇಡಿರಿ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ ವಿದ್ಯುತ್ ಕೈಕೊಡುತ್ತದೆ, ಪಲ್ಪರ್ ಹಳೆಯದಿರುತ್ತದೆ, ತೊಟ್ಟಿಗೆ ಜಾಗ ಕಡಿಮೆ. ಆ ಕೊರತೆಗಳ ನಡುವೆ ಕೆಲಸ ಮಾಡದ ಸಾಧನವನ್ನು ನೆರೆಯವರು ಕೊಳ್ಳುವುದಿಲ್ಲ. ಕೊಯ್ಲು ಮುಗಿದ ಮೇಲೆ, ಹೂಮಳೆಯ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಯ) ನಂತರದ ಕೆಲಸಗಳಿಗೆ ಬೆಳೆಗಾರರು ಚದುರುವ ಮೊದಲು, ಅದೇ ತೋಟದ ಕಣದಲ್ಲಿ ಅವರನ್ನು ಸೇರಿಸಿ, ಶುದ್ಧಗೊಳಿಸುವ ಮುಂಚಿನ ಮತ್ತು ನಂತರದ ನೀರಿನ ಅಂಕಿಗಳನ್ನು ತಗುಲಿದ ಖರ್ಚಿನೊಂದಿಗೆ ಕನ್ನಡದಲ್ಲಿ ಓದಿ ಹೇಳಿ, ಅವರ ಆಕ್ಷೇಪಗಳನ್ನು ಬರೆದುಕೊಂಡು ಎರಡನೆಯ ವರ್ಷದ ವಿನ್ಯಾಸವನ್ನು ಅಲ್ಲಿಂದಲೇ ತಿದ್ದಲು ಕೂರಬೇಕು.