ಒಂದು ಎಲೆ, ಹಲವು ಗಿಡ: ಜೊತೆಯಿಲ್ಲದೆ ಜೀವಿಗಳು ಮರಿ ಮಾಡುವುದನ್ನು ಕಣ್ಣಾರೆ ನೋಡುವುದು ಹೇಗೆ?

ಕಾಡುಬಸಳೆ (ಬ್ರಯೋಫಿಲಂ) ಎಲೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಂಚು ನುಣುಪಾಗಿಲ್ಲ, ಅಲ್ಲಲ್ಲಿ ಸಣ್ಣ ಕಚ್ಚುಗಳಿವೆ. ಒಂದೊಂದು ಕಚ್ಚಿನಲ್ಲೂ ಒಂದೊಂದು ಗಿಡದ ಮೊಳಕೆ ಮಲಗಿದೆ. ಎಲೆ ಗಿಡದಲ್ಲಿರುವಷ್ಟು ದಿನ ಅದು ಸಾಮಾನ್ಯವಾಗಿ ಏಳುವುದಿಲ್ಲ. ಎಲೆ ಕಳಚಿ ನೆಲಕ್ಕೆ ಬಿದ್ದರೆ ಸಾಕು, ಎದ್ದುಬಿಡುತ್ತದೆ. ಹೂವು ಬೇಡ, ಪರಾಗ ಬೇಡ, ಬೀಜ ಬೇಡ.

ಹೀಗೆ ಒಂದೇ ಜೀವಿ ಇನ್ನೊಂದರ ನೆರವಿಲ್ಲದೆ ತನ್ನಂಥದ್ದೇ ಮರಿಯನ್ನು ಹುಟ್ಟಿಸುವುದಕ್ಕೆ ನಿರ್ಲಿಂಗ ಸಂತಾನೋತ್ಪತ್ತಿ ಎನ್ನುತ್ತಾರೆ. ವಿದಳನ, ಮೊಗ್ಗುವಿಕೆ, ತುಂಡರಿಕೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತವರೇ ಜಾಸ್ತಿ. ಒಮ್ಮೆ ಕಣ್ಣಲ್ಲಿ ನೋಡಿದರೆ ಮರೆಯುವುದಿಲ್ಲ. ಅದಕ್ಕೇ ಎಲೆಯಿಂದ ಶುರು ಮಾಡೋಣ.

ಹಂತ 1: ಎಲೆ ಮಲಗಿಸಿ

ಬಲಿತ, ದಪ್ಪನೆಯ ಎರಡು ಎಲೆ ಕಿತ್ತುಕೊಳ್ಳಿ. ಒಂದೇ ಗೆಣ್ಣಿನಲ್ಲಿ ಎದುರುಬದುರು ಇರುವ ಜೋಡಿಯಾದರೆ ಒಳ್ಳೆಯದು. ಎರಡರ ವಯಸ್ಸು ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಅಗಲವಾದ ತಟ್ಟೆಯಲ್ಲಿ ಒದ್ದೆ ಮರಳು ಹರಡಿ. ಒಂದು ಎಲೆಯನ್ನು ಇಡಿಯಾಗಿ ಅದರ ಮೇಲಿಡಿ. ಇನ್ನೊಂದನ್ನು ಕತ್ತರಿಸಿ, ಒಂದೊಂದು ತುಂಡಿನಲ್ಲೂ ಒಂದೇ ಕಚ್ಚು ಇರಲಿ. ತುಂಡುಗಳನ್ನು ಪಕ್ಕದಲ್ಲೇ ಜೋಡಿಸಿ. ಬೆಳಕು ಬೇಕು, ಸುಡು ಬಿಸಿಲು ಬೇಡ. ಮರಳು ಒಣಗಬಾರದು, ನೀರು ನಿಲ್ಲಲೂಬಾರದು. ನೀರು ನಿಂತರೆ ಎಲೆ ಕೊಳೆತುಹೋಗುತ್ತದೆ.

ಹಂತ 2: ದಿನಾ ನೋಡಿ, ಬರೆದಿಡಿ

ಭೂತಗನ್ನಡಿ ಇದ್ದರೆ ತೆಗೆದುಕೊಳ್ಳಿ. ಕೆಲವು ದಿನ ಏನೂ ಕಾಣುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಆಮೇಲೆ ಕಚ್ಚಿನಿಂದ ಕೂದಲೆಳೆಯಂಥ ಬೇರುಗಳು ಇಳಿಯುತ್ತವೆ, ಸಾಸಿವೆಯಷ್ಟು ಪುಟ್ಟ ಎಲೆಗಳ ಜೋಡಿ ತಲೆ ಎತ್ತುತ್ತದೆ. ಈಗ ಎರಡೂ ಎಲೆಗಳನ್ನು ಹೋಲಿಸಿ. ಇಡಿ ಎಲೆಯಲ್ಲಿ ಕೆಲವು ಕಚ್ಚುಗಳು ಮಾತ್ರ ಚಿಗುರಿರುತ್ತವೆ, ಉಳಿದವು ಸುಮ್ಮನಿರುತ್ತವೆ. ಕತ್ತರಿಸಿದ ಎಲೆಯಲ್ಲಿ ಬಹುತೇಕ ಎಲ್ಲ ತುಂಡುಗಳೂ ಚಿಗುರುತ್ತವೆ.

ಯಾಕೆ ಹೀಗೆ? ಸುಮಾರು ನೂರು ವರ್ಷಗಳ ಹಿಂದೆ ಜಾಕ್ ಲೋಬ್ ಎಂಬ ವಿಜ್ಞಾನಿ ಇದೇ ಗಿಡದ ಎಲೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮೊದಲು ಚಿಗುರಿದ ಮರಿ ಎಲೆಯ ರಸವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹಿಂದೆ ಬಿದ್ದವಕ್ಕೆ ಸಿಗುವುದಿಲ್ಲ ಅಂತ ಅವರು ವಿವರಿಸಿದರು. ಮರಿಗಳನ್ನು ತೂಗಿಯೂ ನೋಡಿದರು. ಸಮತೂಕದ ಎರಡು ಎಲೆಗಳಲ್ಲಿ ಮರಿಗಳ ಸಂಖ್ಯೆ ಬೇರೆಬೇರೆ ಇದ್ದರೂ ಅವುಗಳ ಒಟ್ಟು ತೂಕ ಹೆಚ್ಚುಕಡಿಮೆ ಒಂದೇ ಬಂತು! ಮರಿ ಕಡಿಮೆ ಇದ್ದರೆ ದೊಡ್ಡವು, ಜಾಸ್ತಿ ಇದ್ದರೆ ಚಿಕ್ಕವು. ಎಲೆಯಲ್ಲಿರುವ ರಸ ಅಷ್ಟೇ, ಅದನ್ನೇ ಹಂಚಿಕೊಳ್ಳಬೇಕು. ಮರಿ ಬೆಳೆದಂತೆ ತಾಯಿ ಎಲೆ ಸುಕ್ಕುಗಟ್ಟುವುದನ್ನೂ ನೀವು ನೋಡುತ್ತೀರಿ.

ಹಂತ 3: ಯೀಸ್ಟ್ ಮೊಗ್ಗು

ಇದಕ್ಕೆ ಮೈಕ್ರೊಸ್ಕೋಪ್ ಬೇಕು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಚಿಟಿಕೆ ಒಣ ಯೀಸ್ಟ್ ಹಾಕಿ. ನೀರು ಕೈಗೆ ಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ. ಒಂದೆರಡು ಗಂಟೆ ಬಿಟ್ಟು, ನೊರೆ ಎದ್ದ ಮೇಲೆ, ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ 400 ಪಟ್ಟು ಹಿಗ್ಗಿಸಿ ನೋಡಿ. ದುಂಡನೆಯ ಕೋಶಗಳ ಪಕ್ಕದಲ್ಲಿ ಗುಬುಟು ಎದ್ದಂತೆ ಪುಟ್ಟ ಕೋಶಗಳು ಅಂಟಿಕೊಂಡಿರುತ್ತವೆ. ಅದೇ ಮೊಗ್ಗು. ಕೋಶಕೇಂದ್ರ ಎರಡಾಗಿ, ಒಂದು ಪಾಲು ಮೊಗ್ಗಿಗೆ ಹೋಗುತ್ತದೆ. ಆಮೇಲೆ ಮೊಗ್ಗು ಕಳಚಿಕೊಳ್ಳುತ್ತದೆ. ಕಳಚಿದ ಜಾಗದಲ್ಲಿ ತಾಯಿಯ ಮೈಮೇಲೆ ಬಳೆಯಂಥ ಗಾಯದ ಗುರುತು ಉಳಿಯುತ್ತದೆ. ನಿಮ್ಮ ಮೈಕ್ರೊಸ್ಕೋಪಿಗೆ ಅದು ಕಾಣಲಾರದು. ಆದರೆ ವಿಜ್ಞಾನಿಗಳು ಆ ಗುರುತುಗಳನ್ನು ಎಣಿಸಿ, ಒಂದು ಕೋಶ ಎಷ್ಟು ಮರಿ ಹಾಕಿದೆ ಅಂತ ಹೇಳುತ್ತಾರೆ.

ಅಮೀಬಾ, ಬ್ಯಾಕ್ಟೀರಿಯಾಗಳಲ್ಲಿ ಈ ತಾಯಿ-ಮರಿ ಭೇದವೂ ಇಲ್ಲ. ಇಡೀ ಕೋಶವೇ ಸೀಳಿ ಎರಡಾಗುತ್ತದೆ. ಇದೇ ವಿದಳನ. ಒಳ್ಳೆಯ ಆಹಾರ, ಹದವಾದ ಬಿಸಿ ಸಿಕ್ಕರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಹೀಗೆ ಎರಡಾಗಲು ಸುಮಾರು 20 ನಿಮಿಷ ಸಾಕು. ಇದೇ ವೇಗದಲ್ಲಿ ನಡೆದರೆ ಒಂದು ಕೋಶ 10 ಗಂಟೆಯಲ್ಲಿ 107 ಕೋಟಿ ದಾಟುತ್ತದೆ. ಆದರೆ ಆಹಾರ ಮುಗಿದು, ಕಸ ತುಂಬಿ, ವೇಗ ಇಳಿದುಹೋಗುತ್ತದೆ.

ಹಂತ 4: ಸುತ್ತ ಹುಡುಕಿ

ಆಲೂಗಡ್ಡೆಯ ಕಣ್ಣು, ಶುಂಠಿಯ ಗೆಣ್ಣು, ಬಾಳೆಯ ಬುಡದ ಕಂದು ಎಲ್ಲವೂ ಇದೇ ದಾರಿಯವು. ಬೂಷ್ಟಿನ ತುದಿಯ ಕಪ್ಪು ಚುಕ್ಕಿಯೊಳಗೆ ಧೂಳಿನಂಥ ಬೀಜಕಗಳಿರುತ್ತವೆ. ಕೊಳದಲ್ಲಿರುವ ಹೈಡ್ರಾ ಎಂಬ ಪುಟ್ಟ ಪ್ರಾಣಿ ಮೊಗ್ಗು ಬಿಡುತ್ತದೆ, ತುಂಡು ಮಾಡಿದರೆ ತುಂಡುಗಳೂ ಇಡಿ ಹೈಡ್ರಾಗಳಾಗುತ್ತವೆ. ಅಬ್ರಹಾಂ ಟ್ರೆಂಬ್ಲಿ ಎಂಬ ವಿಜ್ಞಾನಿ ಇದನ್ನು 1740ರ ದಶಕದಲ್ಲೇ ತೋರಿಸಿದ್ದರು.

ಹುಟ್ಟಿದ ಮರಿಗಳೆಲ್ಲ ತಾಯಿಯ ನಕಲು ಎಂಬುದನ್ನು ಮಾತ್ರ ನೆನಪಿಡಿ. ಆಗೊಮ್ಮೆ ಈಗೊಮ್ಮೆ ಆಗುವ ಸಣ್ಣ ತಪ್ಪುಗಳನ್ನು ಬಿಟ್ಟರೆ ವ್ಯತ್ಯಾಸವಿಲ್ಲ. ತಾಯಿಗೆ ತಡೆಯಲಾಗದ ರೋಗವನ್ನು ಮರಿಗಳೂ ತಡೆಯಲಾರವು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿದಾಗ ಹೊಲಗಳೇ ನಾಶವಾದವು. ಹೆಚ್ಚಾಗಿ ಬೆಳೆಯುತ್ತಿದ್ದುದು ಗೆಡ್ಡೆಯಿಂದ ಗೆಡ್ಡೆಗೆ ಬಂದ ಒಂದೇ ತಳಿ. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು.

ಇನ್ನೊಂದು ಕೆಲಸ ಬಾಕಿಯಿದೆ. ಗಿಡದ ಎಳೆ ಚಿಗುರಿಗೆ ಗಿಡಹೇನು ಮುತ್ತಿದ್ದರೆ ಭೂತಗನ್ನಡಿ ಹಿಡಿದು ಕೂತು ನೋಡಿ. ಅದೃಷ್ಟವಿದ್ದರೆ ಒಂದು ಹೆಣ್ಣು ಹೇನು ಮೊಟ್ಟೆಯ ಬದಲು ಮರಿಯನ್ನೇ, ಬಾಲದ ಕಡೆಯಿಂದ, ಈಯುವುದು ಕಾಣುತ್ತದೆ. ಗಂಡಿನ ಸಂಗವಿಲ್ಲದೆ ಹುಟ್ಟಿದ ಹೆಣ್ಣುಮರಿ ಅದು. ಚಳಿಗಾಲ ಕಠಿಣವಾಗಿರುವ ಕಡೆ, ಹಗಲು ಗಿಡ್ಡವಾಗುತ್ತಾ ಬಂದಂತೆ, ಇದೇ ಹೇನುಗಳು ಗಂಡುಗಳನ್ನೂ ಹುಟ್ಟಿಸುತ್ತವೆ, ಕೂಡುತ್ತವೆ, ಮೊಟ್ಟೆ ಇಡುತ್ತವೆ. ಚಳಿಗಾಲವನ್ನು ದಾಟುವುದು ಆ ಮೊಟ್ಟೆಗಳು.